ಕುದುರೆಗೆ ರೊಟ್ಟಿ ಕೊಟ್ಟ ಹುಡುಗಿ

ಉತ್ತರ ಜೈನಬ್‌ಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದು ಕೂತಿತ್ತು. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ, ಆದದ್ದು ಅಷ್ಟೇ. ಇಷ್ಟಕ್ಕೆ ಇಷ್ಟೊಂದು ಸಂಕಟವೇ ಎಂದು ಕೇಳುವವರು ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದಿದವರಲ್ಲವೆಂದು ಕಣ್ಣು ಮುಚ್ಚಿ ಹೇಳಬಹುದು.

ಇದು ನಡೆದದ್ದು ಕ್ಯಾಲಿಫೋರ್ನಿಯಾದ ಹೇವರ್ಡಿನ ಗುಡ್ಡದ ಮೇಲಿನ ಯೂನಿವರ್ಸಿಟಿಯಲ್ಲಿ, ತೊಂಬತ್ತೊಂಬತ್ತರ ಸೆಪ್ಟೆಂಬರಿನ ಒಂದು ಗುರುವಾರ ಸಂಜೆ. ತರಗತಿಯ ಕಿಟಕಿಯಿಂದ ಕೊಲ್ಲಿಯ ನೀರು ಕಾಣುತ್ತಿತ್ತು, ನೀರಿನ ಮೇಲೆ ಉದ್ದಕ್ಕೆ ಮಲಗಿದ ಸ್ಯಾನ್ ಮಟೇಯೊ ಸೇತುವೆ ಕಾಣುತ್ತಿತ್ತು, ಸೇತುವೆಯ ಮೇಲೆ ಅಲುಗಾಡದೆ ನಿಂತ ಕಾರುಗಳೂ ಕಾಣುತ್ತಿದ್ದವು. ಆ ಕಾರುಗಳಲ್ಲೊಂದರಲ್ಲಿ ಜೈನಬ್‌ಳ ಗಂಡ ಮಾಝ್ ಕೂತಿದ್ದ. ಅವನಿಗೆ ಫಾಸ್ಟರ್ ಸಿಟಿಯಲ್ಲಿ ಕೆಲಸ. ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿ. ಪರದೆ ಎಷ್ಟು ಮಾರಾಟವಾಗಿದೆ ಎಂದು ಕೇಳಿದರೆ ಅಲ್ಲಿ ಯಾರೂ ನೇರವಾಗಿ ಉತ್ತರ ಕೊಡುತ್ತಿರಲಿಲ್ಲ, ಆದರೆ ಆಫೀಸಿನ ಮಧ್ಯದಲ್ಲಿ ಟೇಬಲ್ ಟೆನಿಸ್ ಮೇಜಂತೂ ಇತ್ತು. ಆ ಕಾಲವೇ ಹಾಗಿತ್ತು. ಹುಡುಗರು ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟು ಕಂಪನಿ ಸೇರುತ್ತಿದ್ದರು, ಸೇರಿದ ಕಂಪನಿ ಏನು ಮಾಡುತ್ತದೆಂದು ಆಮೇಲೆ ವಿಚಾರಿಸುತ್ತಿದ್ದರು.

ಜೈನಬ್ ಮಾತ್ರ ಏನೂ ಮಾಡುವಂತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಪ್ರಕಾರ ಅವಳು ಡಿಪೆಂಡೆಂಟು. ಸಂಬಳದ ಕೆಲಸ ಕೂಡದು, ಓದುವುದಾದರೆ ಓದಬಹುದು. ಮೈಸೂರಿನಲ್ಲಿ ಅವಳು ಪಿಯು ಕಾಲೇಜಿನ ಹುಡುಗಿಯರಿಗೆ ಕನ್ನಡ ಹೇಳಿಕೊಡುತ್ತಿದ್ದವಳು. ಮಿಕ್ಕ ಲೆಕ್ಚರರುಗಳು ಪದ್ಯಕ್ಕೆ ಹೋರಾಡಿದರೆ ಇವಳು ವ್ಯಾಕರಣದ ಪೀರಿಯಡ್ಡನ್ನು ಕೇಳಿ ತೆಗೆದುಕೊಳ್ಳುತ್ತಿದ್ದಳು, ಅಂಥ ಹುಚ್ಚು. ಇಲ್ಲಿಗೆ ಬಂದ ಮೇಲೆ ಸೀಮೆಸುಣ್ಣ ಹಿಡಿಯದೆ ಬೆರಳು ಜೋಮು ಹಿಡಿದಂತಾಗಿತ್ತು. ಗ್ರೋಸರಿ, ಅಡುಗೆ, ಲಾಂಡ್ರಿ, ಮತ್ತೆ ಗ್ರೋಸರಿ. ಭಾಷೆಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಈ ಸಂಜೆ ತರಗತಿಯ ವಿಷಯ ತಿಳಿದ ದಿನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಿದ್ದಳು. ಇದು ಸಿಕ್ಕರೆ ಮುಂದಿನ ವರ್ಷ ಭಾಷಾಶಾಸ್ತ್ರ ಓದಬಹುದು; ಓದಿದರೆ ಎಂದಾದರೂ ಮತ್ತೆ ಬೋರ್ಡಿನ ಮುಂದೆ ನಿಲ್ಲಬಹುದು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ತೊಂದರೆ ಏನೆಂದರೆ ತರಗತಿ ತುಂಬಿಹೋಗಿತ್ತು. ಕುರ್ಚಿಗಳಲ್ಲಿ ಕೂತವರು ಹೆಸರು ನೋಂದಾಯಿಸಿದವರು. ಜೈನಬ್ ಸೇರಿದಂತೆ ನಾಲ್ಕೈದು ಜನ ಗೋಡೆಗೆ ಒರಗಿ ನಿಂತಿದ್ದರು, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ. ಖಾಲಿ ಇದ್ದದ್ದು ಹಿಂದಿನ ಸಾಲಿನ ಒಂದೇ ಒಂದು ಕುರ್ಚಿ.

“ಆ ಕುರ್ಚಿ ಯಾರಿಗೆ ಅಂತ ಮುಂದಿನ ಗುರುವಾರ ಹೇಳ್ತೀನಿ,” ಎಂದರು ಪ್ರೊಫೆಸರ್. ಹೆಸರು ಹೆಲ್ಗಾ. ಬೆಳ್ಳಿ ಕೂದಲು, ಕುತ್ತಿಗೆಯ ಸುತ್ತ ಹೂವಿನ ಪಟ್ಟಿ ಇದ್ದ ದಪ್ಪ ಉಣ್ಣೆಯ ಸ್ವೆಟರು. “ನಿಮ್ಮ ಮಾರ್ಕ್ಸ್ ಕಾರ್ಡು ನನಗೆ ಬೇಡ. ಬಾಯಿಬಿಟ್ಟು ಯೋಚನೆ ಮಾಡೋರು ಬೇಕು. ತಪ್ಪು ಹೇಳಿ ಪರವಾಗಿಲ್ಲ. ಮತ್ತೆ ನನ್ನನ್ನ ಹೆಲ್ಗಾ ಅಂತಲೇ ಕರೀರಿ.”

ಗುರುಗಳನ್ನು ಹೆಸರು ಹಿಡಿದು ಕರೆಯುವುದೆಂದರೆ ಜೈನಬ್‌ಗೆ ಮೈಯೆಲ್ಲ ಮುಳ್ಳು. ಅವಳು ಮನಸ್ಸಿನಲ್ಲೇ ‘ಹೆಲ್ಗಾ ಮೇಡಂ’ ಎಂದುಕೊಂಡು ಸಮಾಧಾನಪಟ್ಟಳು.

ಹೆಲ್ಗಾ ಮೇಡಂ ಬೋರ್ಡಿನ ಮೇಲೆ ಒಂದು ಸಾಲು ಬರೆದರು. ಅವರ ಅಜ್ಜಿ ಐಸ್‌ಲೆಂಡಿನಿಂದ ಬಂದು ನಾರ್ತ್ ಡಕೋಟಾದಲ್ಲಿ ನೆಲೆಸಿದವರಂತೆ. ಇದು ಅಜ್ಜಿಯ ಭಾಷೆ. ಓದಿಯೂ ತೋರಿಸಿದರು.

“ಸ್ತೂಲ್ಕಾನ್ ಗಾವ್ ಹೆಸ್ತಿನುಮ್ ಬ್ರೊಯ್ಧ್.”

ಸಾಲಿನ ಕೆಳಗೆ ಒಬ್ಬಳು ಹುಡುಗಿ, ಒಂದು ಕುದುರೆ, ಒಂದು ತುಂಡು ರೊಟ್ಟಿಯ ಚಿತ್ರ ಬಿಡಿಸಿದರು. ಕುದುರೆ ಎಂದು ಅವರು ಬಾಯಲ್ಲಿ ಹೇಳಿದ್ದಕ್ಕೆ ಕುದುರೆ, ಇಲ್ಲದಿದ್ದರೆ ಅದು ನಾಯಿಯೇ. “ಈಗ ಹೇಳಿ, ಯಾವ ಪದ ಏನು?”

ಅಮೆರಿಕದ ಹುಡುಗರಿಗೆ ಇದು ನೀರು ಕುಡಿದಷ್ಟು ಸುಲಭವಾಯಿತು. ಮುಂದಿನ ಸಾಲಿನ ಕೆವಿನ್ ಎಂಬುವನು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು, ಕಾಲು ಚಾಚಿಕೊಂಡು, ಕೂತಲ್ಲಿಂದಲೇ ಕೂಗಿದ: “ಬ್ರೊಯ್ಧ್ ಅಂದ್ರೆ ಬ್ರೆಡ್! ಗಾವ್ ಅಂದ್ರೆ ಗೇವ್! ಹುಡುಗಿ ಕುದುರೆಗೆ ಬ್ರೆಡ್ ಕೊಟ್ಟಳು!” ಇಂಗ್ಲಿಷಿಗೂ ಐಸ್‌ಲೆಂಡಿನ ಭಾಷೆಗೂ ದೂರದ ನೆಂಟಸ್ತಿಕೆ. ನೆಂಟರ ಮುಖ ನೆಂಟರಿಗೆ ಗೊತ್ತಾಗಿಯೇ ಆಗುತ್ತದೆ. ಇದರಲ್ಲಿ ಜೈನಬ್‌ಗೆ ಹೇಳುವುದಕ್ಕೆ ಏನೂ ಇರಲಿಲ್ಲ.

ಹೆಲ್ಗಾ ಸಾಲನ್ನು ಒರೆಸಿ ಪದಗಳನ್ನು ಅದಲುಬದಲು ಮಾಡಿದರು. “ಹೆಸ್ತಿನುಮ್ ಗಾವ್ ಸ್ತೂಲ್ಕಾನ್ ಬ್ರೊಯ್ಧ್. ಈಗ?”

“ಈಗ ಕುದುರೆ ಹುಡುಗಿಗೆ ಬ್ರೆಡ್ ಕೊಟ್ಟಿತು!” ಎಂದ ಕೆವಿನ್. ತರಗತಿಯೆಲ್ಲ ನಕ್ಕಿತು.

“ಇಲ್ಲ. ಏನೂ ಬದಲಾಗಿಲ್ಲ. ಅದೇ ಹುಡುಗಿ ಅದೇ ಕುದುರೆಗೆ ಕೊಟ್ಟಳು. ಹೇಗೆ ಗೊತ್ತಾಗುತ್ತೆ?”

ಹುಡುಗರು ನೋಟ್‌ಬುಕ್ಕಿನ ಕಡೆ ತಲೆ ತಗ್ಗಿಸಿದರು. ಗೋಡೆಗೆ ಒರಗಿದ್ದ ಜೈನಬ್ ಮಾತ್ರ ಸಟ್ಟನೆ ನೆಟ್ಟಗಾದಳು. ‘ಕುದುರೆಗೆ ಹುಡುಗಿ ರೊಟ್ಟಿ ಕೊಟ್ಟಳು.’ ಯಾರಿಗೆ ಸಿಕ್ಕಿತು ರೊಟ್ಟಿ? ಕುದುರೆಗೇ! ‘ರೊಟ್ಟಿ ಹುಡುಗಿ ಕುದುರೆಗೆ ಕೊಟ್ಟಳು.’ ಆಗಲೂ ಕುದುರೆಗೇ! ಆ ‘ಗೆ’ ಕುದುರೆಯ ಬೆನ್ನಿಗೆ ಅಂಟಿಕೊಂಡಿರುವ ತನಕ ಕುದುರೆಯನ್ನು ಎಲ್ಲಿ ಕಟ್ಟಿದರೇನು? ಹೆಸ್ತಿನುಮ್‌ನ ಬಾಲದಲ್ಲಿ ಕೂತಿರುವುದು ಅದೇ. ಚತುರ್ಥೀ ವಿಭಕ್ತಿ! ಭೂಪಟದ ತುದಿಯಲ್ಲಿ, ಮಂಜಿನ ನಡುವೆ, ಮೈಸೂರಿನ ಹೆಸರೇ ಕೇಳದ ಜನ ಕುದುರೆಗೆ ಚತುರ್ಥೀ ವಿಭಕ್ತಿ ಹಚ್ಚಿ ರೊಟ್ಟಿ ತಿನ್ನಿಸುತ್ತಿದ್ದಾರೆ! ಜೈನಬ್‌ಗೆ ಮೈ ಜುಮ್ಮೆಂದಿತು. ಮನೆಯಲ್ಲಿ ಆಡುವ ಉರ್ದುವಿನಲ್ಲೂ ‘ಘೋಡೇಕು’ ಎನ್ನುವುದು ನೆನಪಾಗಿ ಇನ್ನೊಮ್ಮೆ ಜುಮ್ಮೆಂದಿತು.

ಹಾಗಾದರೆ ಹೇಳಬಾರದೆ? ಹೇಳುವುದು ಹೇಗೆ? ಅವಳು ಬೆಳೆದ ಶಾಲೆಯಲ್ಲಿ, ಅವಳೇ ಪಾಠ ಮಾಡಿದ ಕಾಲೇಜಿನಲ್ಲಿ, ಗುರುಗಳು ಬೆರಳು ತೋರಿಸಿ “ನೀನು ಹೇಳಮ್ಮ” ಎನ್ನಬೇಕು. ಆಗ ಎದ್ದು ನಿಂತು, ಕೈಕಟ್ಟಿ, ಸರಿಯಾದ ಉತ್ತರ ಹೇಳಿ ಕೂರಬೇಕು. ಕೇಳದೆ ಹೇಳಿದವಳು ಅಧಿಕಪ್ರಸಂಗಿ, ತಪ್ಪು ಹೇಳಿದವಳು ದಡ್ಡಿ. ಗೊತ್ತಿದ್ದವಳು ಮಾಡಬಹುದಾದದ್ದು ಒಂದೇ: ಬೆನ್ನು ನೆಟ್ಟಗೆ ಮಾಡಿ, ಹುಬ್ಬೇರಿಸಿ, ಗುರುಗಳ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸುವುದು, ಮತ್ತೆ ನೋಡುವುದು. ‘ನನ್ನನ್ನ ಕೇಳಿ, ಮೇಡಂ’ ಎಂದು ಆ ಕಣ್ಣು ಹೇಳುತ್ತಿರುತ್ತದೆ. ಮೈಸೂರಿನಲ್ಲಿ ಎಂಥ ಮಂಕು ಮೇಷ್ಟ್ರಿಗೂ ಆ ಕಣ್ಣಿನ ಗುರುತು ಸಿಗುತ್ತದೆ.

ಜೈನಬ್ ಬೆನ್ನು ನೆಟ್ಟಗೆ ಮಾಡಿದಳು. ಹುಬ್ಬೇರಿಸಿದಳು. ನೋಡಿದಳು, ತಗ್ಗಿಸಿದಳು, ಮತ್ತೆ ನೋಡಿದಳು. ಹೆಲ್ಗಾ ಅವಳನ್ನು ಗಮನಿಸಿದರು. ಜೈನಬ್‌ಳ ಎದೆ ಹಾರಿತು.

“ಬಾತ್‌ರೂಮು ಹೊರಗೆ ಎಡಗಡೆಗಿದೆ,” ಎಂದರು ಹೆಲ್ಗಾ, ಮೆಲ್ಲಗೆ, ಬಹಳ ಪ್ರೀತಿಯಿಂದ.

ಅವರ ಮಾತಿನ ಮರ್ಯಾದೆಗಾಗಿ ಜೈನಬ್ ನಿಜವಾಗಿಯೂ ಹೊರಗೆ ಹೋಗಿ ಬಾತ್‌ರೂಮಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಬಂದಳು. ಹೇಳಿಕೊಂಡರೆ ನಗೆಪಾಟಲು. ಅವಳು ವಾಪಸು ಬರುವಷ್ಟರಲ್ಲಿ, ಮುಂದಿನ ವಾರದ ತನಕ ಯೋಚಿಸಿ ಎಂದು ಹೆಲ್ಗಾ ತರಗತಿ ಮುಗಿಸಿದ್ದರು.

ಮರುದಿನ ಮಧ್ಯಾಹ್ನ ಇದನ್ನೆಲ್ಲ ಕೇಳಬೇಕಾಗಿ ಬಂದದ್ದು ಅತ್ತೆ ನೂರುನ್ನಿಸಾ ಅವರಿಗೆ. ಗದಗಿನ ಕಡೆಯವರು, ಮಗನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಮನೆಯಲ್ಲಿ ಉರ್ದು ಆಡುವವರಾದರೂ ಅವರ ಸಿಟ್ಟು, ತಮಾಷೆ, ರೊಟ್ಟಿ ಮೂರೂ ಗದಗಿನ ಕನ್ನಡದಲ್ಲೇ. ಆಗವರು ಅಪಾರ್ಟ್‌ಮೆಂಟಿನ ಅಡುಗೆಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕೆಳಗಿನ ಮನೆಯಾತ ಸದ್ದು ತಾಳಲಾರದೆ ಆಗಾಗ ಪೊರಕೆಯ ಕೋಲಿನಿಂದ ತನ್ನ ಚಾವಣಿಗೆ ಕುಟ್ಟುತ್ತಿದ್ದ. ತಮ್ಮ ರೊಟ್ಟಿಗೆ ಅವನು ತಾಳ ಹಾಕುತ್ತಿದ್ದಾನೆಂದೇ ನೂರುನ್ನಿಸಾ ನಂಬಿದ್ದರು.

ಜೈನಬ್ ಉಪ್ಪಿನ ಡಬ್ಬಿಯನ್ನು ಕುದುರೆ ಮಾಡಿದಳು, ಚಮಚವನ್ನು ಹುಡುಗಿ ಮಾಡಿದಳು, ಬಿಸಿ ರೊಟ್ಟಿಯ ಒಂದು ಚೂರು ಮುರಿದಿಟ್ಟಳು. “ನೋಡಿ ಅಮ್ಮಿ, ಹುಡುಗಿ ಕುದುರೆಗೆ ರೊಟ್ಟಿ ಕೊಟ್ಟಳು. ಈಗ ಕುದುರೇನ ಮುಂದಕ್ಕೆ ತರ್ತೀನಿ. ಕುದುರೆಗೆ ಹುಡುಗಿ ರೊಟ್ಟಿ ಕೊಟ್ಟಳು. ಈಗ ರೊಟ್ಟಿ ಯಾರಿಗೆ?”

“ಕುದ್ರಿಗೆ. ಮತ್ಯಾರಿಗೆ? ಕುದ್ರಿಗೆ ಅಂದ ಮ್ಯಾಲ ಕುದ್ರಿಗೇ. ಅದನ್ನ ನೀ ಮುಂದ ಇಡು, ಹಿಂದ ಇಡು, ಮಾಳಿಗಿ ಮ್ಯಾಲ ಇಡು.”

“ಅದೇ ಅಮ್ಮಿ! ಅದನ್ನೇ ಅವರು ಕೇಳಿದ್ದು! ಇಡೀ ಕ್ಲಾಸಿಗೆ ಗೊತ್ತಾಗ್ಲಿಲ್ಲ!” ಜೈನಬ್ ಅತ್ತೆಯ ಹಿಟ್ಟಿನ ಕೈಯನ್ನೇ ಹಿಡಿದು ಕುಲುಕಿದಳು.

“ಮತ್ತ ನೀ ಹೇಳಿದಿ?”

“ಇಲ್ಲ.”

“ಯಾಕ?”

“ನನ್ನನ್ನ ಕೇಳ್ಲಿಲ್ಲ ಅವರು.”

ನೂರುನ್ನಿಸಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಕೆಳಗಿನವನಿಗೂ ಆಶ್ಚರ್ಯವಾಗಿರಬೇಕು. “ಅಲ್ಲ, ಇದೇನು ನಿಕಾಹದ ದಸ್ತರಖಾನು ಅಂತ ತಿಳಕೊಂಡೀಯೇನು? ಬಟ್ಟಿ ಹಾಸ್ತಾರ, ನೀ ಕುಂದರತಿ, ಬಡಸಾಂವ ತಾನ ಬಂದು ‘ತಗೋರಿ, ತಗೋರಿ’ ಅಂತಾನ? ಮೊನ್ನಿ ಫ್ರೀಮಾಂಟಿನಾಗ ಹೋಟೆಲಿಗೆ ಕರಕೊಂಡು ಹೋಗಿದ್ನಲ್ಲ ನಿನ್ನ ಗಂಡ, ಅದೇನು, ಬಫೆ? ನಾ ಎಷ್ಟೊತ್ತು ಕುಂತೆ ಅಲ್ಲಿ, ಯಾರರ ಬಂದು ಬಡಸ್ತಾರಂತ! ಹಂಗs ಕುಂತಿದ್ರ ಇವತ್ತಿಗೂ ಅಲ್ಲೇ ಇರತಿದ್ದೆ. ಇಲ್ಲೆ ತಾಟು ಹಿಡಕೊಂಡು ನಾವs ಎದ್ದು ಹೋಗಬೇಕು, ಜೈನಬ್. ಯಾರೂ ‘ತಗೋ’ ಅನ್ನಂಗಿಲ್ಲ.”

“ತಪ್ಪಾದ್ರೆ?”

“ನಾ ಅವತ್ತು ಸಾರಂತ ತಿಳಕೊಂಡು ಗುಲಾಬ್‌ಜಾಮೂನಿನ ಪಾಕ ಅನ್ನದ ಮ್ಯಾಲ ಹಾಕ್ಕೊಂಡೆ. ಸತ್ನೇನು?” ಎಂದು ನೂರುನ್ನಿಸಾ ಮತ್ತೆ ರೊಟ್ಟಿಗೆ ಕೈ ಹಾಕಿದರು. ಕೆಳಗಿನವನು ತಾಳ ಶುರುಮಾಡಿದ.

ಗುರುವಾರ ಬಂತು. ಮಾಝ್ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದರಿಂದ ಜೈನಬ್ ಬಸ್ಸು ಹಿಡಿದು ಗುಡ್ಡ ಹತ್ತಿದಳು. ದಾರಿಯುದ್ದಕ್ಕೂ ಅವಳ ತುಟಿ ಅಲುಗಾಡುತ್ತಿದ್ದದ್ದು ನೋಡಿ ಪಕ್ಕದ ಸೀಟಿನ ಮುದುಕ, ಪಾಪ ಪ್ರಾರ್ಥನೆ ಮಾಡುತ್ತಿದ್ದಾಳೆಂದು ಸುಮ್ಮನಿದ್ದ. ಅವಳು ಹೇಳಿಕೊಳ್ಳುತ್ತಿದ್ದದ್ದು ಕನ್ನಡ ಶಾಲೆಯ ಮಕ್ಕಳೆಲ್ಲ ರಾಗವಾಗಿ ಒಪ್ಪಿಸುವ ಆ ಹಳೆಯ ಪಟ್ಟಿ: ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ-ಇಗೆ-ಕ್ಕೆ...

ಗೋಡೆಯ ಬಳಿ ಅದೇ ಜನ ನಿಂತಿದ್ದರು. ಜೈನಬ್‌ಳ ಪಕ್ಕ ನಿಂತವಳು ಲಿನ್ ಎಂಬ ವಿಯೆಟ್ನಾಮಿನ ಹುಡುಗಿ. ಎರಡು ವಾರದಲ್ಲಿ ಅವಳ ಹೆಸರು ಬಿಟ್ಟರೆ ಬೇರೆ ಮಾತು ಯಾರೂ ಕೇಳಿರಲಿಲ್ಲ. ಹಿಂದಿನ ಸಾಲಿನ ಕುರ್ಚಿ ಇನ್ನೂ ಖಾಲಿ ಇತ್ತು. ಜೈನಬ್ ಅದನ್ನು ನೋಡದಿರಲು ಪ್ರಯತ್ನಿಸಿದಳು, ಮತ್ತೆ ಮತ್ತೆ ಅದನ್ನೇ ನೋಡಿದಳು.

ಹೆಲ್ಗಾ ಬೋರ್ಡಿನ ಮೇಲೆ ಹಿಂದಿನ ವಾರದ ಎರಡೂ ಸಾಲು ಬರೆದು, ಅವುಗಳ ಕೆಳಗೆ ಹೊಸದೊಂದು ಬರೆದರು. ಚಿತ್ರ ಬಿಡಿಸಲಿಲ್ಲ.

“ಕೋನಾನ್ ಪ್ರ್ಯೋನಾಧಿ ಪೇಯ್ಸು. ಮೂರೇ ಪದ. ಇದರಲ್ಲಿ ಕ್ರಿಯೆ ಯಾವುದು? ಯಾರು ಮಾಡಿದ್ದು? ಮಾಡಿದ್ದು ಏನನ್ನ?”

ಈ ಸಲ ಇಂಗ್ಲಿಷಿನ ನೆಂಟರು ಒಬ್ಬರೂ ಇರಲಿಲ್ಲ. ಅಮೆರಿಕದ ಹುಡುಗರು ಮುಖ ಮುಖ ನೋಡಿಕೊಂಡರು. “ಕೋನಾನ್ ಅಂದ್ರೆ ಐಸ್‌ಕ್ರೀಮಿನ ಕೋನಾ?” ಎಂದ ಕೆವಿನ್. ಎಲ್ಲರೂ ನಕ್ಕರು, ಹೆಲ್ಗಾ ಕೂಡ ನಕ್ಕು “ಚೆನ್ನಾಗಿದೆ, ಇನ್ನೂ ಹೇಳಿ!” ಎಂದರು. ಇಂಥ ಉತ್ತರ ಕೊಟ್ಟವನನ್ನು ಮೈಸೂರಿನಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ಅವನು ಇನ್ನಷ್ಟು ಕಾಲು ಚಾಚಿದ.

ಜೈನಬ್‌ಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹುಬ್ಬು ಮೇಲೇರಿತು. ಮೇಡಂ ನೋಡಲೆಂದು ಕಾದಳು. ಹೆಲ್ಗಾ ಕಿಟಕಿಯ ಕಡೆ ನೋಡುತ್ತಿದ್ದರು. ಕಾದಳು. ಆಗ ಅವಳ ಕಣ್ಣ ಮುಂದೆ ಬಂದದ್ದು ಫ್ರೀಮಾಂಟಿನ ಹೋಟೆಲಿನಲ್ಲಿ ಸೆರಗು ಸರಿಮಾಡಿಕೊಂಡು, ಖಾಲಿ ಮೇಜಿನ ಮುಂದೆ, ಬಡಿಸುವವನಿಗಾಗಿ ಕಾಯುತ್ತ ಕೂತ ಅತ್ತೆ.

ಅವಳು ಗೋಡೆ ಬಿಟ್ಟಳು. ಕೈ ಎತ್ತಬೇಕೆಂಬುದು ನೆನಪಾಗಲಿಲ್ಲ, ಅನುಮತಿ ಕೇಳಬೇಕೆಂಬುದೂ ನೆನಪಾಗಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಕೆವಿನ್‌ನ ಚಾಚಿದ ಕಾಲು ದಾಟಿಕೊಂಡು, ಸೀದಾ ಬೋರ್ಡಿನ ಮುಂದೆ ಹೋಗಿ ನಿಂತಳು.

“ಕ್ರಿಯೆ ಇದು!” ಎಂದು ಕೊನೆಯ ಪದದ ಮೇಲೆ ಬೆರಳಿಟ್ಟಳು. “ಪೇಯ್ಸು! ಅನುಮಾನವೇ ಇಲ್ಲ. ಅವಳು ಏನನ್ನೋ ಬೇಯಿಸಿದಳು!”

ಹೆಲ್ಗಾ ಅವಳನ್ನೇ ನೋಡುತ್ತಿದ್ದರು.

“ತಪ್ಪು,” ಎಂದರು.

ಜೈನಬ್‌ಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಮುಖ ಕೆಂಪಾಗಿ, ಕಾಲು ಗೋಡೆಯ ಕಡೆ ತಿರುಗಿಯೇಬಿಟ್ಟಿತ್ತು. ಅಷ್ಟರಲ್ಲಿ ಹೆಲ್ಗಾ ಎರಡು ಹೆಜ್ಜೆ ಮುಂದೆ ಬಂದರು. ಅವರ ಮುಖದಲ್ಲಿ ಹಬ್ಬದ ಕಳೆ ಇತ್ತು.

“ಎಷ್ಟು ಚೆಂದದ ತಪ್ಪು! ಹೋಗಬೇಡಿ. ಈ ಕೋಣೇಲಿ ಬೇರೆ ಯಾರೂ ಮಾಡದ ತಪ್ಪು ಅದು. ಕೊನೇ ಪದವೇ ಕ್ರಿಯೆ ಅಂತ ಅಷ್ಟು ಖಡಾಖಂಡಿತವಾಗಿ ಯಾಕೆ ಅನ್ನಿಸಿತು ನಿಮಗೆ?”

“ನಮ್ಮ ಭಾಷೆಯಲ್ಲಿ... ಕನ್ನಡದಲ್ಲಿ... ಕ್ರಿಯಾಪದ ಕೊನೆಗೇ ಬರೋದು, ಮೇಡಂ. ಎಲ್ಲರೂ ಬಂದು ಕೂರೋ ತನಕ ಅದು ಕಾಯುತ್ತೆ. ಮನೇಲಿ ನಾವು ಉರ್ದು ಆಡ್ತೀವಿ, ಅದರಲ್ಲೂ ಹಾಗೇ. ನನಗೆ ಬೇರೆ ಥರ ಇರಬಹುದು ಅಂತ ಹೊಳೀಲೇ ಇಲ್ಲ.” ಹೇಳುತ್ತ ಹೇಳುತ್ತ ಅವಳ ಕಣ್ಣು ಬೋರ್ಡಿನ ಮೇಲೆ ಓಡಾಡುತ್ತಿತ್ತು. ಮೊದಲ ಸಾಲು, ಎರಡನೆಯ ಸಾಲು, ಮೂರನೆಯ ಸಾಲು. ತಟ್ಟನೆ ನಿಂತಿತು. “ತಡೀರಿ, ತಡೀರಿ! ಇಲ್ಲಿ ಹುಡುಗಿ ಜಾಗ ಬದಲಾಯಿಸಿದ್ದಾಳೆ. ಕುದುರೆ ಜಾಗ ಬದಲಾಯಿಸಿದೆ. ಗಾವ್ ಮಾತ್ರ ಎರಡನೇ ಜಾಗ ಬಿಟ್ಟು ಅಲ್ಲಾಡಿಲ್ಲ! ನಿಮ್ಮ ಕ್ರಿಯಾಪದ ಕಾಯಲ್ಲ, ಎರಡನೇ ಕುರ್ಚಿ ಹಿಡಿದು ಕೂತುಬಿಡುತ್ತೆ! ಹಾಗಾದ್ರೆ ಇಲ್ಲೂ ಎರಡನೇದು. ಪ್ರ್ಯೋನಾಧಿ!”

“ಮುಂದೆ?” ಎಂದರು ಹೆಲ್ಗಾ. ಅವರ ಸ್ವರವೂ ಏರಿತ್ತು.

“ಸ್ತೂಲ್ಕಾನ್, ಕೋನಾನ್. ಎರಡಕ್ಕೂ ಒಂದೇ ಬಾಲ. ಇವಳೂ ಯಾರೋ ಹೆಣ್ಣು, ಮಾಡಿದವಳು ಇವಳೇ. ಉಳಿದದ್ದು ಪೇಯ್ಸು, ಅದು ವಸ್ತು.”

ಹೆಲ್ಗಾ ತಮ್ಮ ಸ್ವೆಟರಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದರು.

“ಸ್ವೆಟರ್!” ಎಂದು ಜೈನಬ್ ಕಿರುಚಿದಳು. “ಹೆಂಗಸು ಸ್ವೆಟರ್ ಹೆಣೆದಳು!”

ಕೆವಿನ್ ಮೇಜು ಗುದ್ದಿದ. ಯಾರೋ ಚಪ್ಪಾಳೆ ತಟ್ಟಿದರು. ಜೈನಬ್‌ಗೆ ಅದು ಯಾವುದೂ ಕಿವಿಗೆ ಬೀಳಲಿಲ್ಲ, ಅವಳಾಗಲೇ ಕುದುರೆಗೆ ವಾಪಸು ಹೋಗಿದ್ದಳು. “ಹೋದ ವಾರದ ಪ್ರಶ್ನೆಗೂ ಉತ್ತರ ಗೊತ್ತು ನನಗೆ. ಕುದುರೆ ಎಲ್ಲಿ ನಿಂತರೂ ರೊಟ್ಟಿ ಕುದುರೆಗೇ, ಯಾಕಂದ್ರೆ ಅದರ ಬಾಲ ಹಾಗೆ ಹೇಳುತ್ತೆ. ನಮ್ಮಲ್ಲೂ ಅದೇ ಬಾಲ ಇದೆ!”

“ತೋರಿಸಿ,” ಎಂದು ಹೆಲ್ಗಾ ಸೀಮೆಸುಣ್ಣ ಚಾಚಿದರು.

ಜೈನಬ್ ಅದನ್ನು ತೆಗೆದುಕೊಂಡಳು. ಹೊಸ ಸೀಮೆಸುಣ್ಣ ಕಿರ್ರೆನ್ನುತ್ತದೆಂದು ಮೈಸೂರಿನಲ್ಲಿ ಯಾವಾಗಲೂ ಮುರಿಯುತ್ತಿದ್ದಂತೆ ಪಟ್ಟನೆ ಎರಡು ತುಂಡು ಮಾಡಿದಳು, ಒಂದನ್ನು ಎಡಗೈಯಲ್ಲಿ ಉಳಿಸಿಕೊಂಡಳು. ಬೋರ್ಡಿನ ಬಲಗಡೆ ದುಂಡಗೆ ಬರೆದಳು: ಹುಡುಗಿ ಕುದುರೆಗೆ ರೊಟ್ಟಿ ಕೊಟ್ಟಳು. ಹೇವರ್ಡಿನ ಆ ಬೋರ್ಡಿನ ಮೇಲೆ ಕನ್ನಡದ ಅಕ್ಷರ ಅದೇ ಮೊದಲು ಬಿದ್ದದ್ದಿರಬೇಕು. ಜೈನಬ್‌ಳ ಕೈ ನಿಲ್ಲಲಿಲ್ಲ.

“ನಿಮ್ಮ ಅಜ್ಜಿ ಕುದುರೇನ ಇನ್ನು ಯಾವ ಯಾವ ಥರ ಕರೀತಿದ್ರು, ಮೇಡಂ?”

ಹೆಲ್ಗಾ ಹೇಳಿದರು, ಜೈನಬ್ ಒಂದೊಂದಕ್ಕೂ ಎದುರಾಗಿ ಕನ್ನಡ ಬರೆದಳು. ಹೆಸ್ತುರಿನ್, ಓಡಿದ ಕುದುರೆ. ಎದುರಿಗೆ: ಕುದುರೆ. ಹೆಸ್ತಿನ್, ಯಾರೋ ಹಿಡಿದ ಕುದುರೆ. ಎದುರಿಗೆ: ಕುದುರೆಯನ್ನು. ಹೆಸ್ತಿನುಮ್‌ನ ಎದುರಿಗೆ ಕುದುರೆಗೆ. ನಾಲ್ಕನೆಯದು ಹೆಸ್ತ್‌ಸಿನ್ಸ್, ಅದಕ್ಕೆ ಎದುರಾಗಿ ಕುದುರೆಯ. ಐಸ್‌ಲೆಂಡಿನವರ ಲೆಕ್ಕ ಅಲ್ಲಿಗೆ ಮುಗಿಯಿತು.

“ನಾಲ್ಕೇನಾ?” ಎಂದಳು ಜೈನಬ್. “ನಮ್ಮಲ್ಲಿ ಏಳು!” ಹೆಮ್ಮೆ ತಡೆಯಲಾಗದೆ ಇಡೀ ಪಟ್ಟಿಯನ್ನು ರಾಗವಾಗಿ ಹೇಳಿಯೇಬಿಟ್ಟಳು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕೆವಿನ್‌ಗೆ ರಾಗ ಹಿಡಿಸಿತು. “ಇನ್ನೊಂದ್ ಸಲ!” ಎಂದ. ಇನ್ನೊಂದು ಸಲ ಹೇಳಿದಾಗ ಹಿಂದಿನ ಸಾಲಿನವರೂ ದನಿಗೂಡಿಸಿದರು. ‘ದೆಸೆಯಿಂದ’ ಎಂಬಲ್ಲಿ ಎಲ್ಲರ ನಾಲಿಗೆಯೂ ಎಡವಿತು, ಅದು ಮಂಡ್ಯದ ಮಕ್ಕಳಿಗೂ ಎಡವುವ ಜಾಗವೇ. ಟೋಪಿ ತಿರುಗಿಸಿಟ್ಟ ಹುಡುಗರೂ ಚೂಯಿಂಗ್ ಗಮ್ ಜಗಿಯುವ ಹುಡುಗಿಯರೂ ಕ್ಯಾಲಿಫೋರ್ನಿಯಾದ ಗುಡ್ಡದ ಮೇಲೆ ಕೂತು ಕನ್ನಡದ ವಿಭಕ್ತಿ ಪ್ರತ್ಯಯ ಒಪ್ಪಿಸುತ್ತಿದ್ದರು. ಜೈನಬ್‌ಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಪಕ್ಕಕ್ಕೆ ತಿರುಗಿ ಮೇಡಂ ಮುಖ ನೋಡಬೇಕೆಂದುಕೊಂಡಳು. ಮೇಡಂ ಅಲ್ಲಿರಲಿಲ್ಲ. ಹಿಂದಿನ ಸಾಲಿನಲ್ಲಿ, ಎರಡು ವಾರದಿಂದ ಎಲ್ಲರ ಕಣ್ಣು ಕುಕ್ಕಿದ್ದ ಆ ಒಂದೇ ಒಂದು ಖಾಲಿ ಕುರ್ಚಿಯಲ್ಲಿ ಹೆಲ್ಗಾ ಕೂತಿದ್ದರು. ಗಲ್ಲಕ್ಕೆ ಕೈ ಕೊಟ್ಟುಕೊಂಡು, ಮುಂದೇನು ಎಂಬಂತೆ ಇವಳನ್ನೇ ನೋಡುತ್ತಿದ್ದರು.

ಜೈನಬ್ ಬೋರ್ಡಿನ ಕಡೆ ತಿರುಗಿ ಒಮ್ಮೆ ಉಸಿರೆಳೆದುಕೊಂಡಳು. ಮತ್ತೆ ತರಗತಿಗೆ ಮುಖ ಮಾಡಿ ಕೇಳಿದಳು: “ಸರಿ. ‘ಹುಡುಗಿ ಕುದುರೆಯನ್ನು ನೋಡಿದಳು.’ ಐಸ್‌ಲೆಂಡಿನಲ್ಲಿ ಇದಕ್ಕೆ ಯಾವ ಕುದುರೆ ಬೇಕು?”

ಹತ್ತು ಬಾಯಿ ಒಟ್ಟಿಗೇ ತೆರೆದವು. ಎಲ್ಲಕ್ಕಿಂತ ಮೇಲೆ ಕೆವಿನ್‌ನ ದನಿ. ಆ ಗದ್ದಲದ ಆಚೆ, ಗೋಡೆಯ ಬಳಿ, ಜೈನಬ್‌ಗೆ ಏನೋ ಕಂಡಿತು. ಲಿನ್ ನೆಟ್ಟಗೆ ನಿಂತಿದ್ದಳು. ಹುಬ್ಬು ಮೇಲೇರಿತ್ತು. ಅವಳು ಜೈನಬ್‌ಳ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು, ಮತ್ತೆ ನೋಡಿದಳು.

ಯಾವ ಊರಿನ ಶಾಲೆಯಲ್ಲಿ ಕಲಿತಳೋ ಏನೋ, ಆ ಕಣ್ಣನ್ನು ಜೈನಬ್ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಅವಳು ಕೈ ಎತ್ತಿದಳು. ಎಲ್ಲರೂ ಸುಮ್ಮನಾದರು, ಕೆವಿನ್ ಕೂಡ. ಸೀಮೆಸುಣ್ಣದ ತುದಿಯನ್ನು ಗೋಡೆಯ ಕಡೆ ತೋರಿಸಿ ಜೈನಬ್ ಹೇಳಿದಳು, “ಲಿನ್, ನೀನು ಹೇಳಮ್ಮ.” ಕನ್ನಡದಲ್ಲೇ ಬಂತು ಅದು. ಲಿನ್‌ಗೆ ಅರ್ಥವಾಯಿತು.

“ಎರಡನೇದು,” ಎಂದಳು ಲಿನ್, ಸಣ್ಣ ದನಿಯಲ್ಲಿ, ಸ್ಪಷ್ಟವಾಗಿ. “ಹೆಸ್ತಿನ್. ನಮ್ಮ ಭಾಷೆಯಲ್ಲಿ ಪದಕ್ಕೆ ಬಾಲವೇ ಇಲ್ಲ. ಆದರೆ ಮೊದಲನೇ ಕುದುರೆ ಕೆಲಸ ಮಾಡುತ್ತೆ, ಮೂರನೇದು ತಗೊಳ್ಳುತ್ತೆ, ನಾಲ್ಕನೇದಕ್ಕೆ ಏನೋ ಸೇರಿದೆ. ನೋಡಿಸಿಕೊಳ್ಳೋಕೆ ಉಳಿದದ್ದು ಎರಡನೇದು.”

“ಸರಿ!” ಎಂದಳು ಜೈನಬ್. “ನೂರಕ್ಕೆ ನೂರು ಸರಿ!”

ಹಿಂದಿನ ಸಾಲಿನಿಂದ ಹೆಲ್ಗಾ ಎದ್ದು ಬಂದರು. ಲಿನ್‌ಳನ್ನು ನೋಡಿದರು, ಜೈನಬ್‌ಳನ್ನು ನೋಡಿದರು. “ಇವಳ ಬಾಯಲ್ಲಿ ಉತ್ತರ ಇದೆ ಅಂತ ನಿಮಗೆ ಹೇಗೆ ಗೊತ್ತಾಯಿತು?”

“ಕೇಳಿ ಅಂತ ಕಣ್ಣಲ್ಲೇ ಹೇಳ್ತಿದ್ಳಲ್ಲ, ಮೇಡಂ.”

ಹೆಲ್ಗಾ ಕೈಯನ್ನು ಹಣೆಗೆ ಒತ್ತಿಕೊಂಡರು. “ಹೋದ ವಾರ,” ಎಂದರು ಆಮೇಲೆ, “ನಾನು ನಿಮ್ಮನ್ನ ಬಾತ್‌ರೂಮಿಗೆ ಕಳಿಸಿದೆ.”

“ಹೌದು, ಮೇಡಂ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಏಕೆಂದು ತರಗತಿಗೆ ತಿಳಿಯದಿದ್ದರೂ ಅದೂ ನಕ್ಕಿತು. ಹೆಲ್ಗಾ ಕಣ್ಣೊರೆಸಿಕೊಂಡು, ಹೆಸರು ಸೇರಿಸುವ ಚೀಟಿಗೆ ಅಲ್ಲೇ ಸಹಿ ಹಾಕಿ ಜೈನಬ್‌ಳ ಕೈಗಿಟ್ಟರು. ಲಿನ್‌ಗೆ ಹೇಳಿದರು, “ಮುಂದಿನ ವಾರವೂ ಬಾ. ಇವರಲ್ಲಿ ಒಬ್ಬರಾದ್ರೂ ಅಷ್ಟರೊಳಗೆ ಯಾವುದಾದ್ರೂ ಡಾಟ್‌ಕಾಮಿಗೆ ಓಡಿಹೋಗಿರ್ತಾರೆ. ಆ ಕುರ್ಚಿ ನಿನ್ನದು.” ಕೆವಿನ್ ಟೋಪಿ ಕೆರೆದುಕೊಂಡು ಕಿಟಕಿಯಾಚೆ ನೋಡಿದ್ದು ಜೈನಬ್‌ಳ ಕಣ್ಣಿಗೆ ಬಿತ್ತು.

ಹೊರಗೆ ಬಂದಾಗ ಮಾಝ್ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಿಂದಿನ ಸೀಟಿನಲ್ಲಿ ನೂರುನ್ನಿಸಾ ಇದ್ದರು. ಮೀಟಿಂಗು ಮುಗಿಸಿ ಬಂದ ಮಗನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದವರು ಅವರೇ. ಕೆಳಗೆ ಕೊಲ್ಲಿಯ ಸುತ್ತ ದೀಪಗಳು ಹತ್ತಿಕೊಳ್ಳುತ್ತಿದ್ದವು. ಜೈನಬ್ ಓಡಿಬಂದು ಬಾಗಿಲು ತೆಗೆದಳು. ಮುಖವೆಲ್ಲ ಬೆವರು, ದುಪಟ್ಟಾ ತುಂಬ ಸೀಮೆಸುಣ್ಣದ ಪುಡಿ, ಎಡಗೈಯ ಮುಷ್ಟಿಯಲ್ಲಿ ಇನ್ನೂ ಅರ್ಧ ತುಂಡು.

“ಏನಾಯ್ತು ಜೈನಬ್? ಸೀಟು ಕನ್ಫರ್ಮಾ?” ಎಂದ ಮಾಝ್.

“ತಾಟು ಹಿಡಕೊಂಡು ಎದ್ದಿ ಇಲ್ಲೋ ನೀ?” ಎಂದರು ಹಿಂದಿನಿಂದ ನೂರುನ್ನಿಸಾ.

“ಎದ್ದೆ ಅಮ್ಮಿ. ಅನ್ನಕ್ಕೆ ಪಾಕಾನೂ ಸುರಿದುಕೊಂಡೆ.” ಜೈನಬ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಒಮ್ಮೆ ನೋಡಿಕೊಂಡು, ಪರ್ಸಿನೊಳಗೆ ಜೋಪಾನವಾಗಿ ಇಟ್ಟಳು. “ಸೀಟು ಸಿಕ್ತು ರೀ. ಕೂರೋಕೆ ಮಾತ್ರ ಪುರುಸೊತ್ತೇ ಆಗ್ಲಿಲ್ಲ.”